ಎದೆಯ ಮೇಲೆ ಕೈಯಿಟ್ಟುಕೊಂಡ ಅಪರಾಧ

ಬೇಗೂರಿನ ನಮ್ಮ ಹಗಲು ಆರೈಕೆ ಕೇಂದ್ರವನ್ನು ತಪಾಸಣೆ ಮಾಡಿಹೋದ ಮಾನ್ಯ ಅಧಿಕಾರಿಗಳೇ,

ಬುದ್ಧಿಮಾಂದ್ಯರಾದ ದೊಡ್ಡವರಿಗೆ ಅಲ್ಲಿ ಪ್ರತಿ ಗುರುವಾರ ನಡೆಯುತ್ತಿದ್ದ ತರಗತಿಯನ್ನು ತಾವು ನಿಲ್ಲಿಸಿದ್ದೀರಿ. ‘ಇಲ್ಲಿನವರು ಎದೆಯ ಮೇಲೆ ಕೈಯಿಟ್ಟುಕೊಂಡು ತಮ್ಮಷ್ಟಕ್ಕೆ ತಾವೇ ಮಾತನಾಡುತ್ತಾರೆ, ಕಾಯಿಲೆ ಉಲ್ಬಣಿಸಿದೆ’ ಎಂಬುದು ಆದೇಶದಲ್ಲಿರುವ ಕಾರಣ. ಜೀಪಿನ ಎಂಜಿನ್ ಕೂಡ ಆರಿಸದೆ ಬಂದು ಇಷ್ಟೆಲ್ಲ ಕಂಡುಹಿಡಿದ ತಮ್ಮ ಚುರುಕುತನಕ್ಕೆ ದೊಡ್ಡ ನಮಸ್ಕಾರ.

ಹಾಗೆ ಕೈಯಿಟ್ಟುಕೊಂಡವನು ನನ್ನ ಅಣ್ಣ ಮಾದೇವ. ನಲವತ್ತರ ಹತ್ತಿರ ವಯಸ್ಸು. ಅವನಿಗೆ ಓದು, ಲೆಕ್ಕ ಹತ್ತಲಿಲ್ಲ. ಭಯ ಮಾತ್ರ ಬೇಗ ಹತ್ತಿತು. ಬಸ್ಸಿನ ಹಾರನ್ ಕೇಳಿದರೆ ಭೀಮನಬೀಡಿನ ಸ್ಟಾಪಿನಲ್ಲಿ ಕಂಬ ತಬ್ಬಿಕೊಂಡು ನಿಂತುಬಿಡುತ್ತಿದ್ದ. ಮನೆಯವರು ಗದರಿಸಿ ನೋಡಿದರು, ತಾಯತ ಕಟ್ಟಿಸಿದರು, ಗೋಪಾಲಸ್ವಾಮಿಗೆ ಹರಕೆ ಹೊತ್ತರು. ಆಗಲೂ ಅವನು ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುತ್ತಿದ್ದ ಸ್ವಾಮಿ! ‘ದಡ್ನನ್ಮಗ್ನೆ, ನೀನ್ಯಾತಕ್ಕೂ ಬರಲ್ಲ’ ಎಂದು. ಊರವರು ಅವನಿಗೆ ಹೇಳುತ್ತಿದ್ದುದನ್ನೇ ಬಾಯಿಪಾಠ ಮಾಡಿಕೊಂಡಿದ್ದ. ಇಷ್ಟು ವರ್ಷ ಆ ಮಾತಿಗೆ ಯಾವ ಇಲಾಖೆಯೂ ಆಕ್ಷೇಪ ಎತ್ತಲಿಲ್ಲವಲ್ಲ, ಯಾಕೆ?

ಆಮೇಲೆ ಚಾಮರಾಜನಗರದಿಂದ ಆಪ್ತ ಸಲಹೆಗಾರ್ತಿ ಭವ್ಯ ಈ ಗುರುವಾರದ ತರಗತಿ ನಡೆಸಲು ಬರತೊಡಗಿದರು. ನಮ್ಮ ಮೇಲೆ ನಾವೇ ಕರುಣೆ ಇಟ್ಟುಕೊಳ್ಳುವುದನ್ನು ಕಲಿತರೆ ಭಯ ತಗ್ಗುತ್ತದೆ, ಅದೂ ಒಂದು ಚಿಕಿತ್ಸೆ ಎಂದರು. ನಾನು ಒಳಗೊಳಗೇ ನಕ್ಕೆ. ನಮ್ಮ ಮನೆಯಲ್ಲಿ ಎತ್ತಿಗೆ ಲಾಳ ಕಟ್ಟುವಾಗ ಹಿಡಿದುಕೊಳ್ಳುವ ಕೆಲಸ ಅಣ್ಣನದು. ಭವ್ಯ ಅದನ್ನೇ ಹಿಡಿದು ಕೇಳಿದರು:

‘ಮಾದೇವಣ್ಣ, ಎತ್ತು ಬೆದರಿದ್ರೆ ಏನ್ಮಾಡ್ತೀರಿ?’

‘ಕತ್ತಿನ ಕೆಳ್ಗಿನ ಗಂಗೆದೊಗಲು ಸವರ್ಬುಟ್ಟು, ಎದ್ರಬ್ಯಾಡ ಕಣ್ಲಾ, ನಾನಿವ್ನಿ ಅಂತೀನಿ.’

‘ನಿಮಗೆ ಭಯ ಆದಾಗ ಹಾಗಂತ ಯಾರು ಹೇಳ್ತಾರೆ?’

‘ಯಾರೂ ಏಳಲ್ಲ ಕಣಮ್ಮಿ.’

ಅಂದಿನಿಂದ ಎದೆ ಸವರಿಕೊಂಡು ಆ ಮಾತನ್ನು ತನಗೆ ತಾನೇ ಹೇಳಿಕೊಳ್ಳಲು ಕಲಿತ. ಕ್ರಮೇಣ ಬಸ್ ಹತ್ತಿದ. ಹತ್ತಿದ ಮೇಲೆ ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟವನ್ನೂ ಹಿಡಿದ. ನನಗಾದ ಸಂತೋಷ ಅಷ್ಟಿಷ್ಟಲ್ಲ.

‘ಅಧಿಕಾರಿಯೊಡನೆ ಅನುಚಿತ ವರ್ತನೆ’ ಎಂಬುದು ತಮ್ಮ ಎರಡನೆಯ ಆಕ್ಷೇಪ. ಅಂದು ನಡೆದದ್ದು ನೆನಪಿದೆಯೇ? ತಮ್ಮ ಮೊಬೈಲಿಗೆ ಮೇಲಿನವರ ಫೋನ್ ಬಂತು. ಅವರ ಬೈಗುಳ ನಮಗೂ ಕೇಳಿಸುತ್ತಿತ್ತು. ತಾವು ‘ತಪ್ಪಾಯ್ತು ಸಾರ್, ತಪ್ಪಾಯ್ತು’ ಎನ್ನುತ್ತ ಬೆವರುತ್ತಿದ್ದಿರಿ. ನಾವೆಲ್ಲ ಮರ್ಯಾದಸ್ಥರಂತೆ ಗೋಡೆ ನೋಡಿಕೊಂಡು ನಿಂತೆವು. ಅಣ್ಣನೊಬ್ಬ ಎದ್ದು ಬಂದು ತಮ್ಮ ಬೆನ್ನು ಸವರಿ, ‘ಎದ್ರಬ್ಯಾಡಿ ಸಾ, ನಾನಿವ್ನಿ’ ಎಂದ. ಅವನ ಅನುಚಿತ ವರ್ತನೆ ಇಷ್ಟೇ.

ತಮ್ಮ ಆದೇಶಕ್ಕೆ ಅಂಜಿ ಕೇಂದ್ರದವರು ಈಗ ಅವನ ಕೈಯನ್ನು ಎದೆಯಿಂದ ತೆಗೆಸುತ್ತಿದ್ದಾರೆ. ಅಣ್ಣ ಮತ್ತೆ ಕಂಬ ಹಿಡಿದಿದ್ದಾನೆ, ಹಳೆಯ ಬೈಗುಳವೂ ಬಾಯಿಗೆ ಮರಳಿದೆ. ಆದೇಶವನ್ನು ಹಿಂದಕ್ಕೆ ಪಡೆಯಿರಿ. ಬರುವ ಗುರುವಾರವೇ ತರಗತಿ ನಡೆಯಬೇಕು. ಇದನ್ನು ವಿನಂತಿ ಎಂದು ತಪ್ಪು ತಿಳಿಯಬಾರದು.

ಅಂದಹಾಗೆ, ಅಣ್ಣ ದಿನವೂ ನನ್ನನ್ನು ಕೇಳುತ್ತಾನೆ: ‘ಆ ಸಾಯೇಬ್ರಿಗೆ ಭಯ ಓಯ್ತೇನಮ್ಮಿ?’

ಏನೆಂದು ಹೇಳಲಿ?

ಇಂತಿ,
ತಮ್ಮ ಉತ್ತರಕ್ಕಿಂತ ಮೊದಲು ಬಸ್ಸಾದರೂ ಬಂದೀತೆಂದು ಅಣ್ಣನ ಜೊತೆ ಕಂಬದ ಪಕ್ಕ ನಿಂತಿರುವ
ಚಿಕ್ಕಮಲ್ಲಮ್ಮ
ಭೀಮನಬೀಡು, ಗುಂಡ್ಲುಪೇಟೆ ತಾಲ್ಲೂಕು
ಆಗಸ್ಟ್ ೨೦೦೮