ಮೂರನೆಯ ಪ್ರಶ್ನೆಗೆ ನನ್ನ ಉತ್ತರ

ಮಲ್ಪೆ, ಉಡುಪಿ
21-1-2025, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಈಗ ಹೇಗುಂಟು? ಆ ಮೂರು ಮಾಳಿಗೆ ಮೆಟ್ಟಿಲನ್ನು ದಿನಾ ಹತ್ತಿಳಿಯುತ್ತಿದ್ದೀಯಾ, ಇಲ್ಲ ಸಾಮಾನು ತರಲು ನಿನ್ನ ಸೋದರಳಿಯ ಅಕ್ಷಿತನನ್ನೇ ಓಡಿಸುತ್ತಿದ್ದೀಯಾ? ಸೇಸಪ್ಪ ಮಾವ ಗೋಡೆ ಹಿಡಿದು ಬಾಗಿಲವರೆಗೆ ನಡೆದರು ಎಂದು ಅಕ್ಷಿತ್ ಹೇಳಿದ. ಕೇಳಿ ಸಮಾಧಾನವಾಯಿತು. ಅಪ್ಪ ಹೋದ ಮೇಲೆ ನಮ್ಮನ್ನು ಸಾಕಿದ ಮಾವ ಕೈಕಾಲು ಬಿದ್ದು ಮಲಗಿರುವಾಗ ಒಡಹುಟ್ಟಿದ ನೀನು ಮುಂಬಯಿಗೆ ಹೋಗದೆ ಇನ್ಯಾರು ಹೋಗಬೇಕು? ನನ್ನ ಬಾಣಂತನ ಮುಗಿಸಿಯೇ ಹೊರಟೆ, ಅದರಲ್ಲಿ ನಿನ್ನದೇನೂ ತಪ್ಪಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ.

ಫೋನ್ ಇರುವಾಗ ಇವಳಿಗೆ ಎಂತ ಕಾಗದದ ಹುಚ್ಚು ಎಂದು ನಗಬೇಡ. ನೀನು ಸ್ಪೀಕರಿಗೆ ಹಾಕದೆ ಮಾತಾಡುವವಳಲ್ಲ; ಆ ಎರಡು ಕೋಣೆಯ ಮನೆಯಲ್ಲಿ ನಾನು ಕೆಮ್ಮಿದರೂ ಎಲ್ಲರಿಗೂ ಕೇಳುತ್ತದೆ. ಇದನ್ನು ಕನ್ನಡಕ ಹಾಕಿಕೊಂಡು ನೀನೇ ಓದು, ಅಕ್ಷಿತನ ಕೈಯಲ್ಲಿ ಓದಿಸಬೇಡ.

ಯಶ್ಮಿತಾ ಈಗ ಕೂರಿಸಿದರೆ ಕೂರುತ್ತಾಳೆ. ಅತ್ತೆ ಅವಳಿಗಾಗಿ ಬಂದರಿನ ಧಕ್ಕೆಗೆ ಹೋಗಿ ಮೀನು ಮಾರುವುದನ್ನೇ ಬಿಟ್ಟಿದ್ದಾರೆ, ಅಷ್ಟು ಮುದ್ದು. ನಿನ್ನ ಅಳಿಯ ಜಿತೇಂದ್ರ ಮೀನು ಹಿಡಿಯಲು ಬೋಟಿಗೆ ಹೋಗಿದ್ದಾರೆ. ಈ ಸಲ ಗೋವಾ ದಾಟಿ ಮೇಲೆ ಹೋಗುತ್ತಾರಂತೆ, ಬರುವುದು ತಡವಾದೀತು. ಅದು ಬಿಟ್ಟರೆ ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ನನಗೆ ನಿದ್ರೆ ಮಾತ್ರ ಇಲ್ಲ ಅಮ್ಮಾ. ಮಗು ಅತ್ತು ಎಬ್ಬಿಸುತ್ತಾಳೆಂದು ಅಲ್ಲ. ಅವಳು ಚೆನ್ನಾಗಿ ಮಲಗಿದಾಗಲೇ ನನಗೆ ಹೆದರಿಕೆ. ಉಸಿರು ನಿಂತರೆ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತೇನೆ. ಅತ್ತೆ, "ಮೊದಲನೇ ಮಗು ಅಲ್ವಾ, ಎಲ್ಲರಿಗೂ ಹಾಗೆಯೇ" ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಈಗ ಹಾಗಲ್ಲ ಎಂದು ಅನಿಸುತ್ತಿದೆ. ಅದು ತಿಳಿದದ್ದು ಮನೆಯಲ್ಲಿ ಅಲ್ಲ, ಕಾಲೇಜಿನಲ್ಲಿ. ಅದನ್ನು ಹೇಳಲಿಕ್ಕೇ ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಹೆರಿಗೆ ರಜೆ ಮುಗಿಸಿ ಮಣಿಪಾಲಕ್ಕೆ ಹೋದರೆ ನನ್ನ ತರಗತಿಯೇ ಅಲ್ಲಿರಲಿಲ್ಲ. ಬೆಂಚು, ವೇದಿಕೆ, ಕರಿಹಲಗೆ ಎಲ್ಲ ತೆಗೆದು ದುಂಡನೆಯ ಮೇಜುಗಳನ್ನು ಹಾಕಿದ್ದಾರೆ. ಒಂದೊಂದು ಮೇಜಿಗೂ ಗೋಡೆಯ ಮೇಲೆ ಒಂದು ದೊಡ್ಡ ಪರದೆ, ನಡುವೆ ಒಂದು ಮೈಕು. ಮುಂದು ಯಾವುದು, ಹಿಂದು ಯಾವುದು ಗೊತ್ತಾಗುವುದಿಲ್ಲ. ಮೇಡಂ ಒಂದು ಕಡೆ ನಿಂತು ಪಾಠ ಒಪ್ಪಿಸುವ ಹಾಗಿಲ್ಲ. ಕೈಯಲ್ಲಿ ಟ್ಯಾಬ್ ಹಿಡಿದು ಮೇಜುಗಳ ನಡುವೆ ಓಡಾಡಬೇಕು, ಮಕ್ಕಳು ತಮ್ಮತಮ್ಮಲ್ಲೇ ಚರ್ಚಿಸಿ ಕಲಿಯಬೇಕು. ನಮ್ಮ ಹಿರಿಯ ಮೌರಿಸ್ ಸರ್ ಮೊದಲ ದಿನವೇ, "ಕ್ಲಾಸನ್ನು ಮೀನು ಮಾರ್ಕೆಟ್ ಮಾಡಿಬಿಟ್ಟರು ಮಾರಾಯ್ರೆ" ಎಂದರು. ನನಗೆ ನಗು ಬಂತು. ಕಾಪುವಿನಿಂದ ಮೊದಲ ಬಸ್ಸಿಗೆ ಬುಟ್ಟಿ ಹೇರಿಕೊಂಡು ಕಾರ್ಕಳ ಮಾರ್ಕೆಟಿಗೆ ಹೋಗುತ್ತಿದ್ದವಳ ಮಗಳಿಗೆ ಅದೊಂದು ಬೈಗುಳವಾ? ಸುತ್ತ ನಿಂತ ಗಿರಾಕಿಗಳಲ್ಲಿ ಯಾರು ಬಾಯಿ ಬಿಡದೆ ನಿಂತಿದ್ದಾರೋ ಅವರನ್ನೇ ನೀನು ಮೊದಲು ಮಾತಾಡಿಸುತ್ತಿದ್ದೆ. ನಾನು ಆ ಕೋಣೆಯಲ್ಲಿ ಮಾಡಬೇಕಾದದ್ದೂ ಅಷ್ಟೇ.

ಬಾಯಿ ಬಿಡದವರಿಗಾಗಿ ಒಂದು ವ್ಯವಸ್ಥೆ ಉಂಟು. ಪ್ರಶ್ನೆಯನ್ನು ನಾನು ಟ್ಯಾಬಿನಿಂದ ಕಳಿಸುತ್ತೇನೆ, ಮಕ್ಕಳು ಮೊಬೈಲಿನಲ್ಲಿ ಉತ್ತರ ಒತ್ತುತ್ತಾರೆ, ಎಷ್ಟು ಜನ ಯಾವುದನ್ನು ಒತ್ತಿದರು ಎಂದು ಪರದೆಯಲ್ಲಿ ಪಟ್ಟೆಗಳಾಗಿ ಕಾಣುತ್ತದೆ. ಹೆಸರು ಕಾಣಬಾರದೆಂದರೆ ಪ್ರತಿ ಪ್ರಶ್ನೆಗೂ ಬೇರೆ ಬೇರೆಯಾಗಿ ಹೆಸರು ಮುಚ್ಚಬೇಕು. ಇನ್ನೊಂದು ಕ್ರಮ, ಪ್ರಶ್ನೆ ಸರಿಯಾಗಿ ಹೋಯಿತೋ ಎಂದು ನೋಡಲು ಮೇಡಂ ತನ್ನ ಮೊಬೈಲಿನಿಂದ ಮೊದಲ ಉತ್ತರ ಒತ್ತಿ ತೋರಿಸಬೇಕು.

ನಿನ್ನೆ ನಿದ್ರೆ ಮತ್ತು ಮನಸ್ಸಿನ ಬಗ್ಗೆ ಪಾಠ. ಮೊದಲನೇ ಪ್ರಶ್ನೆ, ಎಷ್ಟು ಹೊತ್ತು ಮಲಗುತ್ತೀರಿ ಎಂದು. ಎಂದಿನಂತೆ ಗಲಾಟೆ. "ಮ್ಯಾಮ್, ರೂಪೇಶನನ್ನು ಬಿಟ್ಟುಬಿಡಿ, ಅವನು ಮೌರಿಸ್ ಸರ್ ಕ್ಲಾಸಿನಲ್ಲೇ ಎಲ್ಲ ಮುಗಿಸ್ತಾನೆ" ಎಂದು ಒಬ್ಬಳು, "ನೀನು ಗೊರಕೆ ಹೊಡೆಯುವುದನ್ನು ಹೇಳ್ಬೇಕಾ?" ಎಂದು ಅವನು. ಎರಡನೇ ಪ್ರಶ್ನೆಯೂ ಹಾಗೆಯೇ ನಗುತ್ತಾ ಮುಗಿಯಿತು. ಮೂರನೆಯದು ಸ್ವಲ್ಪ ಭಾರದ್ದು: ಈಚೆಗೆ ಯಾವಾಗಲಾದರೂ, ನಾನಿಲ್ಲದಿದ್ದರೆ ಎಲ್ಲರಿಗೂ ಹಗುರವಾಗುತ್ತದೆ ಎಂದು ಅನಿಸಿದ್ದುಂಟೇ? ಇಲ್ಲ, ಒಮ್ಮೊಮ್ಮೆ, ಆಗಾಗ. ಯಾರೂ ಹೆದರದೆ ಒತ್ತಲಿ ಎಂದು, ಹೆಸರು ಕಾಣುವುದಿಲ್ಲ ಎಂದು ಎರಡೆರಡು ಸಲ ಹೇಳಿದೆ. ಹೇಳಿದ ನಾನೇ ಆ ಒಂದು ಪ್ರಶ್ನೆಗೆ ಹೆಸರು ಮುಚ್ಚಲು ಮರೆತಿದ್ದೆ. ತಲೆ ಅಷ್ಟು ಮಂಕಾಗಿತ್ತು. ಮೊದಲ ಉತ್ತರ ಒತ್ತಿದೆ. 'ಇಲ್ಲ' ಎಂದು ಒತ್ತಿದ್ದರೆ ಆಗುತ್ತಿತ್ತು ಅಮ್ಮಾ. ಯಾರಿಗೂ ಕಾಣುವುದಿಲ್ಲವಲ್ಲ ಎಂಬ ಧೈರ್ಯಕ್ಕೆ ಬೆರಳು ನಿಜದ ಮೇಲೆಯೇ ಹೋಯಿತು. ತಲೆ ಎತ್ತಿ ನೋಡಿದರೆ ಸುತ್ತಲಿನ ಎಲ್ಲ ಪರದೆಗಳಲ್ಲೂ 'ಆಗಾಗ', ಅದರ ಕೆಳಗೆ ಹರ್ಷಿಣಿ.

ಯಾವ ಕಡೆ ತಿರುಗಿದರೂ ನನ್ನ ಹೆಸರೇ. ಯಾವುದೋ ಮೇಜಿನಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಮೈಕು ಹಿಡಿದು, "ಅದು ಮ್ಯಾಮಿನದ್ದಾ?" ಎಂದು ಕೋಣೆಯಿಡೀ ಕೇಳಿಸಿತು. ನಾನು ನಕ್ಕೆ. "ಇದು ಸುಮ್ಮನೆ ಪರೀಕ್ಷೆಗೆ ಒತ್ತಿದ್ದು, ನೋಡಿ, ಹೆಸರು ಮುಚ್ಚದಿದ್ದರೆ ಹೀಗಾಗುತ್ತದೆ" ಎಂದು ಅದನ್ನೂ ಪಾಠ ಮಾಡಿಬಿಟ್ಟೆ. ಮಕ್ಕಳಿಗೂ ಹೋದ ಜೀವ ಬಂದಂತಾಯಿತು. ಹೆಸರು ಮುಚ್ಚಿ ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿದೆ. ಹೆಚ್ಚಿನವರೆಲ್ಲ 'ಇಲ್ಲ' ಎಂದೇ ಒತ್ತಿದರು.

ತರಗತಿ ಬಿಟ್ಟ ಮೇಲೆ ಒಬ್ಬ ಹುಡುಗಿ ಹೋಗದೆ ಕುರ್ಚಿ ಜೋಡಿಸುತ್ತಾ ನಿಂತಿದ್ದಳು. ಹೆಸರು ನಿನಗೂ ಹೇಳುವುದಿಲ್ಲ. ಘಟ್ಟದ ಮೇಲೆ, ಕೊಪ್ಪಳದ ಕಡೆಯವಳು. ಅಪ್ಪ ಅಮ್ಮ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವರು. ತರಗತಿಯಲ್ಲಿ ಅವಳ ಸ್ವರ ನಾನು ಕೇಳಿದ್ದೇ ಇಲ್ಲ. "ಮೇಡಂ, ಸಿಟ್ಟಾಗಬ್ಯಾಡ್ರಿ. ನಾನೂ ಅದನ್ನ ಒತ್ತಾಕ ಹೊಂಟಿದ್ದೆ. ನೀವು ಸುಮ್ನ ಒತ್ತಿದ್ದು ಅಂದ್ರಲ್ರಿ. ಅದಕ್ಕ ನಾನೂ ಇಲ್ಲ ಅಂತ ಒತ್ತಿಬಿಟ್ಟೆ."

ಅಮ್ಮಾ, ಆ ಕೋಣೆ, ಆ ಪರದೆ, ಆ ಯಂತ್ರ ಎಲ್ಲ ಇರುವುದು ಇಂಥವಳ ಬಾಯಿ ತೆರೆಸಲಿಕ್ಕೆ. ತೆರೆಯುವ ಹೊತ್ತಿಗೆ ನಾನೇ ಮುಚ್ಚಿಸಿದೆ. ಅವಳ ಪಕ್ಕದಲ್ಲಿ ಕೂತು, "ನಾನು ಒತ್ತಿದ್ದು ನಿಜವೇ, ಆಮೇಲೆ ಹೇಳಿದ್ದು ಸುಳ್ಳು" ಎಂದೆ. ನಮ್ಮ ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ಕಷ್ಟ ಕೇಳಲಿಕ್ಕೆಂದೇ ಎಸ್ತರ್ ಮೇಡಂ ಇದ್ದಾರೆ, ಅವರ ಕೋಣೆಗೆ ಹೋಗುವ ಎಂದು ಕರೆದೆ. "ನೀವೂ ಒಳಗ ನಿಮ್ಮದು ಹೇಳ್ತೀರಂದ್ರ ಬರ್ತೀನ್ರಿ. ಬರೇ ನಂದಾದ್ರ ಒಲ್ಲೆ" ಎಂದಳು. ಹಠ ಅಂದರೆ ಹಠ. ನಿನ್ನನ್ನೇ ನೋಡಿದ ಹಾಗಾಯಿತು.

ಹೋದೆವು. ಮೊದಲು ಅವಳು, ಆಮೇಲೆ ನಾನು. ಅವಳು ಒಳಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹೊರಗೆ ಬಂದವಳ ಮುಖ ಅತ್ತು ತೊಳೆದಂತಿತ್ತು. ನಾಳೆಯೂ ಅವಳು ಅಲ್ಲಿಗೆ ಹೋಗುತ್ತಾಳೆ. ನನ್ನ ಮಾತನ್ನೆಲ್ಲ ಕೇಳಿದ ಎಸ್ತರ್ ಮೇಡಂ, "ಇದು ಹೆರಿಗೆ ಆದ ಮೇಲೆ ಕೆಲವರಿಗೆ ಬರುವ ಕಾಯಿಲೆ, ಗುಣವಾಗುವಂಥದ್ದು, ಆದರೆ ತಾನಾಗಿ ಹೋಗುತ್ತದೆ ಎಂದು ಬಿಡುವಂಥದ್ದಲ್ಲ" ಎಂದರು. ಮಗುವಿಗೆ ಏನಾದರೂ ಮಾಡಿಯೇನೋ ಎಂದು ಹೆದರಬೇಡ. ಅವರು ಅದನ್ನೂ ನೇರವಾಗಿ ಕೇಳಿದರು, ಹಾಗೇನೂ ಇಲ್ಲ. ನನಗೆ ನನ್ನದೇ ಭಾರ, ಅಷ್ಟೇ. ತರಗತಿಗೆ ಏನು ಹೇಳಬೇಕು ಎಂಬುದನ್ನು ಅವರೂ ನಾನೂ ಕೂತು ಯೋಚಿಸುತ್ತೇವೆ. ಹೇಳದೆ ಇರುವ ಹಾಗಂತೂ ಇಲ್ಲ.

ಗಂಟೆ ಹೊಡೆಯಿತು, ಪೋಸ್ಟ್ ಆಫೀಸು ಮುಚ್ಚುವ ಮೊದಲು ಕೊಡಬೇಕು. ಮಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲಿಗೆ ಎಣ್ಣೆ ಹಚ್ಚಿಕೋ. ಮೊಮ್ಮಗಳ ಲೆಕ್ಕದ ಮುತ್ತನ್ನೂ ಸೇರಿಸಿ ಕಳಿಸುತ್ತಿದ್ದೇನೆ.

ನಿನ್ನ ಮಗಳು
ಹರ್ಷಿಣಿ

ತಾ.ಕ.: ಬರುವ ವಾರ ಬುಧವಾರ ಡಾಕ್ಟರನ್ನು ನೋಡಲಿಕ್ಕುಂಟು. ಮನೆಯವರು ಒಬ್ಬರು ಜತೆಗೆ ಬರಬೇಕಂತೆ. ಅತ್ತೆಗೆ ಇನ್ನೂ ಹೇಳಿಲ್ಲ, ಜಿತೇಂದ್ರ ಸಮುದ್ರದಲ್ಲಿ. ಯಾರ ಹೆಸರು ಬರೆಯಲಿ ಎಂದು ಎಸ್ತರ್ ಮೇಡಂ ಕೇಳಿದಾಗ ನಿನ್ನ ಹೆಸರು ಕೊಟ್ಟುಬಿಟ್ಟೆ. ಮಾವನನ್ನು ನಾಲ್ಕು ದಿನ ಅವರ ಮನೆಯವರು ನೋಡಿಕೊಳ್ಳಲಿ, ನೀನು ಬಾ. ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡು, ಆದರೆ ಹುಷಾರುಂಟಾ ಎಂದು ಮಾತ್ರ ಕೇಳಬೇಡ. ಕೇಳಿದರೆ ಉಂಟು ಎಂದೇ ಹೇಳಿಬಿಡುತ್ತೇನೆ. ಯಾವ ರೈಲಿಗೆ ಬರುತ್ತೀ, ಅಷ್ಟು ಹೇಳು. ನಾನು ಇಂದ್ರಾಳಿ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ.