ಒಂಬತ್ತು ವೋಟಿನ ಬೀದಿ

ಮನೆಯಿಂದ,
ಜೂನ್ ೩, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ವೆಲ್ಡಿಂಗ್ ಕಿಡಿ ಹಾರಿದ ಕಣ್ಣು ವಾಸಿಯಾಯಿತೇ? ಕನ್ನಡಕ ಹಾಕಿಕೊಳ್ಳದೆ ಕೆಲಸಕ್ಕೆ ನಿಲ್ಲಬೇಡವೆಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಇಲ್ಲಿ ಅಮ್ಮನ ಕಾಲಿನ ಗಾಯ ಮಾಯುತ್ತಲೇ ಇಲ್ಲ. ದಿನಾ ಬೆಳಿಗ್ಗೆ ಹೊಲಿಗೆ ಮೆಷಿನ್ ಮುಟ್ಟುವ ಮೊದಲು ನಾನೇ ಬ್ಯಾಂಡೇಜ್ ಬದಲಿಸುತ್ತೇನೆ. ನಮ್ಮ ಬೀದಿಯ ಕ್ಲಿನಿಕ್ಕಿಗೆ ಬೀಗ ಬಿದ್ದು ಎರಡು ತಿಂಗಳಾಯಿತು. ನರ್ಸನ್ನು ಸೇತುವೆಯಾಚೆಗೆ ಕಳಿಸಿದ್ದಾರೆ.

ಸುಮ್ಮನಿರಲಾರದೆ ಹದಿನೈದು ದಿನದ ಹಿಂದೆ ವಾರ್ಡ್ ಸದಸ್ಯರ ಕಚೇರಿಗೆ ಹೋದೆ. ಅವರೇನೂ ರೇಗಲಿಲ್ಲ, ಕೂರಿಸಿ ನೀರು ಕೊಟ್ಟರು. ಆಮೇಲೆ ಚುನಾವಣೆಯ ಕಾಗದ ತೆಗೆದು ಬೆರಳಿಟ್ಟು ತೋರಿಸಿದರು. "ನಿಮ್ಮ ಬೀದೀಲಿ ಇನ್ನೂರ ಹತ್ತು ಜನ. ವೋಟು ಹಾಕಿದ್ದು ಒಂಬತ್ತು. ಸೇತುವೆ ಆಚೆಯೋರು ಬಿಸಿಲಲ್ಲಿ ಸಾಲು ನಿಂತಿದ್ರು. ಇರೋದು ಒಬ್ಬ ನರ್ಸು. ಯಾರಿಗೆ ಕೊಡ್ಲಿ, ನೀವೇ ಹೇಳಿ." ಆ ಒಂಬತ್ತರಲ್ಲಿ ನಾನೂ ಒಬ್ಬಳೆಂದು ಎದೆ ತಟ್ಟಿ ಹೇಳೋಣವೆಂದರೆ, ನಾನು ಹೋಗಿರಲೇ ಇಲ್ಲವಲ್ಲ. ಅವತ್ತು ಶಾಲೆಯ ಸಮವಸ್ತ್ರ ಹೊಲಿದು ಮುಗಿಸಬೇಕಿತ್ತು. ಮುಖ ಸಣ್ಣದು ಮಾಡಿಕೊಂಡು ಎದ್ದು ಬಂದೆ.

ಇದನ್ನು ಕ್ಷೌರದಂಗಡಿಯವನಿಗೆ ಹೇಳಿದರೆ, ಆಸಾಮಿ ಕತ್ತರಿ ಆಡಿಸುತ್ತಲೇ, "ಬೇಕಾದೋರು ಹಾಕಿದ್ರು, ಬೇಡದೋರು ಬಿಟ್ರು. ಇದ್ರಲ್ಲಿ ತಪ್ಪೇನಕ್ಕಾ?" ಎನ್ನುತ್ತಾನೆ. ಅವನ ಹೆಂಡತಿಗೆ ಈಗ ಎಂಟು ತಿಂಗಳು. ತಪಾಸಣೆಗೆ ಎರಡು ಬಸ್ಸು ಬದಲಿಸಿಕೊಂಡು ಹೋಗುತ್ತಾಳೆ. ಇಂಥವನಿಗೆ ಏನು ಹೇಳಲಿ? ಲಾಂಡ್ರಿಯಲ್ಲಿ ದುಡಿಯುವ ಎದುರುಮನೆಯವಳಿಗೆ ಅವತ್ತು ರಜೆಯನ್ನೇ ಕೊಡಲಿಲ್ಲವಂತೆ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಿನ್ನಂಥವರ ಮೇಲೆ. ಹೆಸರು ಇಲ್ಲಿನ ಪಟ್ಟಿಯಲ್ಲೇ ಇದ್ದರೂ, ನನ್ನದೊಂದು ವೋಟಿನಿಂದ ಏನಾಗುತ್ತದೆ ಎಂದು ಫೋನಿನಲ್ಲಿ ನಕ್ಕೆಯಲ್ಲ, ಅದನ್ನೇ ಇನ್ನೂರು ಜನ ಅಂದುಕೊಂಡರು. ನನ್ನನ್ನೂ ಸೇರಿಸಿಕೊಂಡೇ ಬೈಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತುಹೊತ್ತಿಗೆ ಉಣ್ಣಬೇಕಂತೆ.

ನಿನ್ನ
ಅಕ್ಕ

ತಾ.ಕ.: ಬೈಯುವ ಭರದಲ್ಲಿ ಮುಖ್ಯ ವಿಷಯವೇ ಬಿಟ್ಟುಹೋಯಿತು. ಆ ಸದಸ್ಯರಿಗೆ ಮೇಲಿನ ಹುದ್ದೆ ಸಿಕ್ಕಿ ಹೋದ ವಾರ ರಾಜೀನಾಮೆ ಕೊಟ್ಟರು. ಇಪ್ಪತ್ತೆರಡನೇ ತಾರೀಕು ಭಾನುವಾರ ಮತ್ತೆ ಚುನಾವಣೆ. ಯಾರನ್ನೂ ಕೇಳದೆ ನಿನ್ನೆ ನಾನೇ ನಾಮಪತ್ರ ಹಾಕಿ ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನು ರಜೆ ಹಾಕಿ ಬಾ. ನನಗೇ ವೋಟು ಹಾಕಬೇಕೆಂದೇನಿಲ್ಲ, ಬಾ.