ವೃತ್ತದೊಳಗೆ ಊರಿದ ಎಡಗಾಲು

ರಟ್ಟಿಯಾ ಅಕ್ಕ,

ಗಂಜಿ ಒಲೆ ಮೇಲಿದೆ, ಬಿಸಿ ಮಾಡಿಕೊ. ಮಂಜುಗಡ್ಡೆಗೆ ಬಟ್ಟೆ ಸುತ್ತಿ ಮಂಡಿಗೆ ಇಡು. ಊರುಗೋಲು ಬಾಗಿಲ ಹಿಂದಿದೆ. ಬೆಳಗೆದ್ದು ಅದರ ಮುಖ ನೋಡಲು ನನಗೆ ಇಷ್ಟವಿಲ್ಲ.

ಎಣ್ಣೆ ತಿಕ್ಕುವ ಚಮೋಯ್ ಅಜ್ಜಿ ಬಂದು, "ಊತ ಇಳೀತಲ್ಲ, ಇನ್ನೆರಡು ವಾರಕ್ಕೆ ಆಡ್ತೀಯ ಬಿಡು" ಅಂದರೆ ನಂಬಬೇಡ. ಡಾಕ್ಟರು ಚಿತ್ರ ಬರೆದು ತೋರಿಸಿದಾಗ ನೀನು ಅಳುತ್ತಿದ್ದೆ, ನಾನು ನೋಡುತ್ತಿದ್ದೆ. ಮಂಡಿಯ ಪಕ್ಕದ ಲಿಗಮೆಂಟ್ ಆಗಿದ್ದರೆ ಸುಮ್ಮನೆ ಕೂತರೂ ಕೂಡಿಕೊಳ್ಳುತ್ತಿತ್ತೇನೋ. ಒಳಗೆ ಒಂದಕ್ಕೊಂದು ಅಡ್ಡ ಹಾದಿರುವ ಎರಡರಲ್ಲಿ ನಿನ್ನದು ಮುಂದಿನದು ಹರಿದಿದೆ. ಕೆಳಗಿನ ಮೂಳೆ ಮುಂದೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿಯುತ್ತಿದ್ದುದು ಅದೇ. ಅದು ಎಣ್ಣೆಗೆ ಬಗ್ಗುವುದಿಲ್ಲ.

ನಿನ್ನ ತಕ್ರಾ ಆಟದ ಶೂ ಹಾಕಿಕೊಂಡು ಹೋಗುತ್ತಿದ್ದೇನೆ. ಹುಡುಕಬೇಡ. ಇವತ್ತಿನಿಂದ ನಿನ್ನ ವೃತ್ತದಲ್ಲಿ ನಿಂತು, ಎಸೆದುಕೊಟ್ಟ ಚೆಂಡನ್ನು ನೆಟ್‌ನಾಚೆ ಸರ್ವ್ ಒದೆಯುವುದು ನಾನು. "ನಿಮ್ಮಕ್ಕನ ಹಾಗೆ ನಿಲ್ಲೋದು ಕಲಿ" ಎಂದರು ಕೋಚ್. ಕಲಿಯುವುದಿಲ್ಲ.

ಅವತ್ತು ನಿನ್ನ ಸರ್ವ್‌ಗೆ ನಾನು ಚೆಂಡನ್ನು ದೂರ ಎಸೆದೆ ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ಎಸೆದೆ, ನಿಜ. ವೃತ್ತದೊಳಗೆ ಊರಿದ ಎಡಗಾಲನ್ನು ನೀನು ಎತ್ತಿದ್ದರೆ ಫೌಲ್ ಆಗಿ ಒಂದು ಪಾಯಿಂಟ್ ಹೋಗುತ್ತಿತ್ತು, ಅಷ್ಟೇ. ನೀನು ಎತ್ತಲಿಲ್ಲ. ಪಾದ ಅಲ್ಲೇ ನಿಂತಿತು, ಮೈ ಚೆಂಡಿನ ಹಿಂದೆ ತಿರುಗಿತು, ಮಂಡಿ ಟಕ್ ಎಂದದ್ದು ನನಗೂ ಕೇಳಿಸಿತು.

ಪ್ರಾಣ ಹೋದರೂ ನೀನು ಆ ಕಾಲು ಎತ್ತುವವಳಲ್ಲ. ಹನ್ನೊಂದು ವರ್ಷ ನಿನಗೆ ಚೆಂಡು ಎಸೆದುಕೊಟ್ಟವಳಿಗೆ ಅದು ಗೊತ್ತಿರಲಿಲ್ಲ ಅಂದುಕೊಂಡೆಯಾ?

ನಿಪಾ